ವಾಕಿಂಗ್ ಆ್ಯಪ್ ತೆರೆದರೆ ದಾರಿ ತಪ್ಪುತ್ತಾ? ತಪ್ಪು ನಿಮ್ಮದಲ್ಲ, ಮೆನುವಿನದು

ಶುಗರ್ ಬಂದಿದೆ, ದಿನಾ ನಡೀರಿ ಅಂತ ಡಾಕ್ಟರ್ ಹೇಳ್ತಾರೆ. ಬೆಂಗಳೂರಲ್ಲಿರೋ ಮಗ ಆನ್‌ಲೈನ್‌ನಲ್ಲಿ ಒಂದು ಸ್ಮಾರ್ಟ್‌ವಾಚ್ ತರಿಸಿ ಕೊಡ್ತಾನೆ. ಹಬ್ಬಕ್ಕೆ ಊರಿಗೆ ಬಂದಾಗ ಅಪ್ಪನ ಫೋನಿಗೆ ಆ್ಯಪ್ ಹಾಕಿ, ವಾಚಿಗೆ ಜೋಡಿಸಿ, ‘ಇದರಲ್ಲಿ ಎಲ್ಲಾ ಬರುತ್ತೆ ನೋಡಿ’ ಅಂತ ಹೇಳಿ ವಾಪಸ್ ಬಸ್ ಹತ್ತುತ್ತಾನೆ. ಎಲ್ಲಾ ಬರುತ್ತೆ ಅನ್ನೋದು ನಿಜವೇ. ತೊಂದರೆ ಶುರುವಾಗೋದೂ ಅಲ್ಲಿಂದಲೇ. ಒಂದು ವಾರ ಕಳೆಯೋಷ್ಟರಲ್ಲಿ ಅಪ್ಪ ಆ್ಯಪ್ ತೆರೆಯೋದು ಬಿಟ್ಟಿರ್ತಾರೆ. ತಿಂಗಳಾದ ಮೇಲೆ ಆ ವಾಚು ಟೈಮ್ ನೋಡೋಕೆ ಮಾತ್ರ. ಯಾಕೆ ಅಂತ ಕೇಳಿದರೆ ‘ನಮಗೆ ಅದೆಲ್ಲ ಬರಲ್ಲಪ್ಪ’ ಅನ್ನೋ ಉತ್ತರ.

ಈ ಮಾತು ನಮ್ಮ ಪೇಟೆ ಬೀದಿಯ ಯಾವ ಅಂಗಡಿಯಲ್ಲಿ ಕೂತರೂ ಕೇಳಿಸುತ್ತೆ. ಯುಪಿಐನಲ್ಲಿ ದಿನಕ್ಕೆ ನೂರು ಜನರ ದುಡ್ಡು ಲೆಕ್ಕ ಇಡೋ ಅಂಗಡಿಯವರೇ ವಾಕಿಂಗ್ ಆ್ಯಪ್ ಮುಂದೆ ‘ನಮಗೆ ಬರಲ್ಲ’ ಅಂತಾರೆ. ಹಾಗಾದ್ರೆ ಬರದೇ ಇರೋದು ಯಾರಿಗೆ? ಬಳಸೋರಿಗಾ, ಅಥವಾ ಮಾಡಿದೋರಿಗೆ ಮೆನು ಜೋಡಿಸೋಕಾ?

2023ರಲ್ಲಿ ಪ್ರಕಟವಾದ ಐಸಿಎಂಆರ್-ಇಂಡಿಯಾಬ್ ಅಧ್ಯಯನದ ಪ್ರಕಾರ ದೇಶದಲ್ಲಿ ಸುಮಾರು 10.1 ಕೋಟಿ ಜನರಿಗೆ ಮಧುಮೇಹ ಇದೆ. ಅವರಲ್ಲಿ ಎಷ್ಟೋ ಜನರಿಗೆ ಔಷಧಿ ಚೀಟಿಯ ಜೊತೆ ಸಿಗೋ ಸಲಹೆ ಒಂದೇ, ನಡೀರಿ. ಆ ನಡಿಗೆಯ ಲೆಕ್ಕ ಇಡೋ ಆ್ಯಪ್ ಅರ್ಥ ಆಗದೆ ಮೂಲೆ ಸೇರಿದರೆ ವಾಚಿನ ದುಡ್ಡು ಹೋಗೋದು ಒಂದು ಕಡೆ, ಎಷ್ಟೋ ಸಲ ಅದರ ಜೊತೆ ನಡೆಯೋದೂ ನಿಂತುಹೋಗುತ್ತೆ.

ಮೈದಾನದಲ್ಲಿ ಕಂಡದ್ದು

ಈ ಬರಹಕ್ಕೋಸ್ಕರ ಒಂದು ದಿನ ಬೆಳಿಗ್ಗೆ ಕಾಲೇಜು ಮೈದಾನದಲ್ಲಿ ವಾಕಿಂಗ್ ಬರೋ ನಾಲ್ಕು ಜನರನ್ನ ನಿಲ್ಲಿಸಿ ಒಂದೇ ಪ್ರಶ್ನೆ ಕೇಳಿದೆ. ‘ನಿನ್ನೆ ಎಷ್ಟು ಹೆಜ್ಜೆ ನಡೆದಿದ್ರಿ, ನಿಮ್ಮ ಆ್ಯಪ್‌ನಲ್ಲಿ ತೋರಿಸ್ತೀರಾ?’ ನಾಲ್ವರದ್ದೂ ಬೇರೆ ಬೇರೆ ವಾಚು, ಬೇರೆ ಬೇರೆ ಆ್ಯಪ್.

ಮೆಡಿಕಲ್ ಸ್ಟೋರ್ ನಡೆಸೋ ಅಣ್ಣ ಇವತ್ತಿನ ಲೆಕ್ಕ ತಕ್ಷಣ ತೋರಿಸಿದರು. ನಿನ್ನೆಯದ್ದು ಸಿಗಲಿಲ್ಲ. ಆ ದೊಡ್ಡ ಅಂಕಿಯ ಮೇಲೇ ಬೆರಳು ಒತ್ತಿದರೆ ಹಿಂದಿನ ದಿನಗಳು ತೆರೆದುಕೊಳ್ಳುತ್ತವೆ. ಆದರೆ ಆ ಅಂಕಿ ಒತ್ತೋ ಬಟನ್ ಥರ ಕಾಣೋದೇ ಇಲ್ಲವಲ್ಲ! ನಿವೃತ್ತ ಮೇಷ್ಟ್ರೊಬ್ಬರು ಹುಡುಕುತ್ತಾ ಹುಡುಕುತ್ತಾ ಯಾರೋ ಗೊತ್ತಿಲ್ಲದವರ ಓಟದ ಫೋಟೋಗಳ ಪುಟಕ್ಕೆ ಹೋಗಿ ನಿಂತರು. ಟೈಲರಿಂಗ್ ಮಾಡೋ ಅಕ್ಕನಿಗೆ ಮೇಲಿನ ಮೂಲೆಯಲ್ಲಿದ್ದ ಮೂರು ಗೆರೆ ತೋರಿಸಿ ‘ಅಲ್ಲಿ ಒತ್ತಿ ನೋಡಿ ಅಕ್ಕ’ ಅಂದೆ. ‘ಅಯ್ಯೋ, ಇದು ಒತ್ತೋದಾ? ನಾನು ಸುಮ್ನೆ ಡಿಸೈನ್ ಅಂದ್ಕೊಂಡಿದ್ದೆ ಕಣಪ್ಪ’ ಅಂದರು. ಹೋಟೆಲ್ ಮಾಲೀಕರು ಮಾತ್ರ ಆ್ಯಪ್ ತೆರೆದು ಹಾಗೇ ಮುಚ್ಚಿಬಿಟ್ಟರು. ತೆರೆದ ಕೂಡಲೇ ‘ಪ್ರೀಮಿಯಂ ತಗೊಳ್ಳಿ’ ಅಂತ ಪೂರ್ತಿ ಸ್ಕ್ರೀನ್ ತುಂಬಾ ಬಂದಿತ್ತು. ‘ಎಲ್ಲೋ ಒತ್ತಿ ಅಕೌಂಟಿಂದ ದುಡ್ಡು ಕಟ್ ಆದ್ರೆ? ಬೇಡಪ್ಪ ಸಹವಾಸ’ ಅನ್ನೋದು ಅವರ ವಾದ.

ನಾಲ್ಕೂ ಬೇರೆ ಬೇರೆ ತೊಂದರೆ. ನಾಲ್ಕಕ್ಕೂ ಡಿಸೈನ್ ಮಾಡೋರ ಹತ್ತಿರ ಉತ್ತರ ಇದೆ, ಬಹಳ ವರ್ಷದಿಂದಲೇ ಇದೆ. ಬಳಸಬೇಕಷ್ಟೆ.

ಕಿರಾಣಿ ಅಂಗಡಿ ಲೆಕ್ಕ

ಕಿರಾಣಿ ಅಂಗಡಿ ಇಟ್ಟವರಿಗೆ ಮೆನು ಜೋಡಣೆ ಏನು ಅಂತ ಯಾರೂ ಹೇಳಿಕೊಡಬೇಕಿಲ್ಲ. ಸಕ್ಕರೆ, ಅಕ್ಕಿ, ಎಣ್ಣೆ, ಬೇಳೆ ಕೈಗೆ ಎಟುಕೋ ಜಾಗದಲ್ಲಿ ಇರುತ್ತೆ. ವರ್ಷಕ್ಕೊಮ್ಮೆ ಕೇಳೋ ಸಾಮಾನು ಅಟ್ಟದ ಮೇಲೆ. ಕೇಳೋದು ಎಷ್ಟು ಸಲವೋ ಅದರ ಮೇಲೆ ಜಾಗ ನಿರ್ಧಾರ ಆಗುತ್ತೆ. ಫಿಟ್‌ನೆಸ್ ಆ್ಯಪ್‌ನಲ್ಲಿ ದಿನಾ ಬೇಕಾಗೋದು ಏನು? ಇವತ್ತು ಎಷ್ಟು ನಡೆದೆ, ನಿನ್ನೆ ಎಷ್ಟು, ರಾತ್ರಿ ನಿದ್ದೆ ಎಷ್ಟಾಯ್ತು, ತೂಕ ಎಷ್ಟು. ವಾಚ್ ಜೋಡಿಸೋದು, ವಯಸ್ಸು ಎತ್ತರ ತುಂಬೋದು ಒಂದೇ ಸಲದ ಕೆಲಸ. ಅದು ಅಟ್ಟದ ಮೇಲೆ ಇದ್ದರೂ ನಡೆಯುತ್ತೆ.

ಆದರೆ ಬಹಳಷ್ಟು ಆ್ಯಪ್‌ಗಳಲ್ಲಿ ಮುಂದಿನ ಸಾಲಲ್ಲಿ ಕೂತಿರೋದು ಚಾಲೆಂಜ್, ಕಮ್ಯುನಿಟಿ, ಪ್ರೀಮಿಯಂ, ಹೊಸ ವಾಚಿನ ಜಾಹೀರಾತು. ಅಂದ್ರೆ ಅಂಗಡಿಯವನಿಗೆ ಲಾಭ ಬರೋ ಸಾಮಾನು ಮುಂದೆ, ಗಿರಾಕಿಗೆ ಬೇಕಾದ್ದು ಹಿಂದೆ. ನಮ್ಮ ಪೇಟೆಯಲ್ಲಿ ಹೀಗೆ ಅಂಗಡಿ ಇಟ್ಟರೆ ಗಿರಾಕಿ ಪಕ್ಕದ ಅಂಗಡಿಗೆ ಹೋಗ್ತಾನೆ. ವಾಚ್ ಆ್ಯಪ್‌ನಲ್ಲಿ ಆ ದಾರಿ ಇಲ್ಲ. ವಾಚ್ ಯಾವ ಕಂಪನಿದೋ ಬಹುತೇಕ ಅದೇ ಕಂಪನಿ ಆ್ಯಪ್ ಬಳಸಬೇಕು.

ಆ ಮೂರು ಗೆರೆಯ ಕಥೆ

ಟೈಲರ್ ಅಕ್ಕ ಡಿಸೈನ್ ಅಂದುಕೊಂಡ ಮೂರು ಗೆರೆಗೆ ‘ಹ್ಯಾಂಬರ್ಗರ್ ಮೆನು’ ಅಂತ ಹೆಸರು. ಬನ್ನಿನ ಮಧ್ಯೆ ಏನೋ ಇಟ್ಟ ಹಾಗೆ ಕಾಣುತ್ತೆ ಅಂತ ಆ ಹೆಸರು. 1981ರಲ್ಲಿ ಬಂದ ಝೆರಾಕ್ಸ್ ಸ್ಟಾರ್ ಅನ್ನೋ ಕಂಪ್ಯೂಟರಿಗೆ ನಾರ್ಮ್ ಕಾಕ್ಸ್ ಅನ್ನೋ ಡಿಸೈನರ್ ಮಾಡಿದ ಗುರುತು ಅದು. ಹೌದು, ನಮ್ಮೂರಲ್ಲಿ ‘ಝೆರಾಕ್ಸ್ ಮಾಡಿಸ್ಕೊಂಡು ಬಾ’ ಅಂತೀವಲ್ಲ, ಅದೇ ಕಂಪನಿ. ಸ್ಮಾರ್ಟ್‌ಫೋನ್ ಬಂದಾಗ ಸ್ಕ್ರೀನ್ ಚಿಕ್ಕದು, ಜಾಗ ಕಮ್ಮಿ ಅಂತ ಎಲ್ಲರೂ ಎಲ್ಲವನ್ನೂ ಆ ಮೂರು ಗೆರೆಯ ಒಳಗೆ ತುಂಬಿದರು.

ಕಣ್ಣಿಗೆ ಕಾಣದ್ದನ್ನ ಜನ ಒತ್ತೋದಿಲ್ಲ ಅಂತ ಆಮೇಲೆ ಗೊತ್ತಾಯ್ತು. ಫೇಸ್‌ಬುಕ್ 2013ರಲ್ಲೇ ಐಫೋನ್ ಆ್ಯಪ್‌ನಲ್ಲಿ ಮುಖ್ಯ ಮೆನುವನ್ನ ಕೆಳಗಿನ ಸಾಲಿಗೆ ತಂದಿತು. ಅಮೆರಿಕದ ನೀಲ್ಸನ್ ನಾರ್ಮನ್ ಗ್ರೂಪ್ 2016ರಲ್ಲಿ ವೆಬ್‌ಸೈಟ್‌ಗಳ ಮೇಲೆ ಪರೀಕ್ಷೆ ಮಾಡಿ, ಮುಖ್ಯ ಮೆನುವನ್ನ ಹೀಗೆ ಬಚ್ಚಿಟ್ಟರೆ ಒಳಗಿರೋದು ಜನರ ಕಣ್ಣಿಗೆ ಬೀಳೋದು ಹೆಚ್ಚುಕಮ್ಮಿ ಅರ್ಧಕ್ಕೆ ಇಳಿಯುತ್ತೆ ಅಂತ ವರದಿ ಮಾಡಿತು. ಆಂಡ್ರಾಯ್ಡ್ ಆ್ಯಪ್ ಮಾಡೋರಿಗೆ ಗೂಗಲ್ ಕೊಡೋ ಡಿಸೈನ್ ನಿಯಮದಲ್ಲೂ ಕೆಳಗಿನ ಸಾಲಲ್ಲಿ ಮೂರರಿಂದ ಐದು ಬಟನ್ ಇರಲಿ ಅಂತಿದೆ. ಐದಕ್ಕಿಂತ ಜಾಸ್ತಿ ತುಂಬಿದರೆ ಬೆರಳಿಗೆ ಸಿಗಲ್ಲ, ಕಣ್ಣಿಗೂ ಗೊಂದಲ. ಬೆರಳು ಒತ್ತೋ ಜಾಗ ಸುಮಾರು 9 ಮಿಲಿಮೀಟರ್ ಆದ್ರೂ ಇರಬೇಕು ಅನ್ನೋ ಲೆಕ್ಕವೂ ಅಲ್ಲೇ ಇದೆ. ಬೆವರಿದ ಕೈಯಲ್ಲಿ, ಕನ್ನಡಕ ಇಲ್ಲದೆ, ನಡೀತಾ ನಡೀತಾ ಒತ್ತೋ ಆ್ಯಪ್‌ಗೆ ಇದು ಇನ್ನೂ ಮುಖ್ಯ.

ಹೆಸರು ಅರ್ಥ ಆಗ್ಬೇಕು

ಬಟನ್ ಕಮ್ಮಿ ಮಾಡಿದರೆ ಎಲ್ಲ ಸರಿ ಹೋಯ್ತು ಅಂತ ತಿಳ್ಕೊಂಡರೆ ಅದೂ ತಪ್ಪೇ. ಇದಕ್ಕೆ ಒಳ್ಳೆ ಉದಾಹರಣೆ ಫಿಟ್‌ಬಿಟ್. ಹೆಜ್ಜೆ ಲೆಕ್ಕ ಹಾಕೋ ಪಟ್ಟಿಗಳನ್ನ ಜಗತ್ತಿಗೆ ಪರಿಚಯ ಮಾಡಿಸಿದ ಕಂಪನಿಗಳಲ್ಲಿ ಅದೂ ಒಂದು. 2021ರ ಜನವರಿಯಲ್ಲಿ ಗೂಗಲ್ ಅದನ್ನ ಕೊಂಡಿತು. 2023ರಲ್ಲಿ ಅವರ ಆ್ಯಪ್‌ಗೆ ಪೂರ್ತಿ ಹೊಸ ರೂಪ ಬಂತು. ಕೆಳಗೆ ಮೂರೇ ಬಟನ್. ‘ಟುಡೇ’, ‘ಕೋಚ್’, ‘ಯೂ’.

ನೋಡೋಕೆ ಬಹಳ ಸರಳ. ಆದರೆ ಯೋಚನೆ ಮಾಡಿ. ನಿಮ್ಮ ದಿನದ ಗುರಿ ಹತ್ತು ಸಾವಿರ ಹೆಜ್ಜೆಯಿಂದ ಆರು ಸಾವಿರಕ್ಕೆ ಇಳಿಸಬೇಕು. ‘ಕೋಚ್’ ಒತ್ತಬೇಕಾ, ‘ಯೂ’ ಒತ್ತಬೇಕಾ? ಗುರಿ ಕೊಡೋದು ಕೋಚ್ ಅಲ್ವಾ ಅಂತ ಯಾರಿಗಾದ್ರೂ ಅನ್ಸುತ್ತೆ. ಇದ್ದಿದ್ದು ‘ಯೂ’ ಒಳಗೆ. ಕೋಚ್ ಒಳಗೆ ಇದ್ದದ್ದು ವ್ಯಾಯಾಮದ ವಿಡಿಯೋ, ಧ್ಯಾನ ಇತ್ಯಾದಿ. ‘ನೀವು’ ಅನ್ನೋ ಹೆಸರಿನ ಡಬ್ಬಿಯಲ್ಲಿ ಏನಿರುತ್ತೆ ಅಂತ ಮುಚ್ಚಳ ತೆಗೆಯದೆ ಹೇಳೋಕೆ ಆಗುತ್ತಾ? ಹಳೇ ಬಳಕೆದಾರರು ಆಗ ಸಾಕಷ್ಟು ಗೊಣಗಿದ್ದರು.

2025ರ ಅಕ್ಟೋಬರ್‌ನಲ್ಲಿ ಅದೇ ಆ್ಯಪ್‌ನ ಮತ್ತೊಂದು ರೂಪ ಅಮೆರಿಕದಲ್ಲಿ ಕೆಲವರಿಗೆ ಪ್ರಯೋಗಕ್ಕೆ ಸಿಕ್ಕಿತು. ಈ ಸಲ ಬಟನ್ ನಾಲ್ಕು. ‘ಟುಡೇ’, ‘ಫಿಟ್‌ನೆಸ್’, ‘ಸ್ಲೀಪ್’, ‘ಹೆಲ್ತ್’. ಒಂದು ಬಟನ್ ಜಾಸ್ತಿ ಆಯ್ತು, ಆದ್ರೂ ಸುಲಭ ಆಯ್ತು. ನಿದ್ದೆ ಎಲ್ಲಿದೆ? ನಿದ್ದೆ ಅಂತ ಬರೆದ ಕಡೆ ಇದೆ. ನನ್ನ ಪ್ರಕಾರ ಸರಳ ಮೆನು ಅಂದ್ರೆ ಇದೇ. ಎಷ್ಟು ಬಟನ್ ಅನ್ನೋದು ಆಮೇಲೆ. ಹೆಸರು ಓದಿದ ಕೂಡಲೇ ಒಳಗೇನಿದೆ ಅಂತ ಗೊತ್ತಾಗಬೇಕು.

ಗೂಗಲ್ ಫಿಟ್ ಬಳಸೋರಿಗೆ ಇನ್ನೊಂದು ಗೊಂದಲ. 2018ರಲ್ಲಿ ಆ ಆ್ಯಪ್ ಎರಡು ಉಂಗುರ ತೋರಿಸೋಕೆ ಶುರು ಮಾಡಿತು. ಒಂದು ‘ಮೂವ್ ಮಿನಿಟ್ಸ್’, ಇನ್ನೊಂದು ‘ಹಾರ್ಟ್ ಪಾಯಿಂಟ್ಸ್’. ಹಾರ್ಟ್ ಪಾಯಿಂಟ್ಸ್ ಅಂದ್ರೆ ಹೃದಯ ಬಡಿತದ ಲೆಕ್ಕ ಅಂತ ತಿಳ್ಕೊಂಡು, ‘ಇವತ್ತು 12 ಅಂತ ಬಂದಿದೆ, ಏನಾದ್ರೂ ಪ್ರಾಬ್ಲಮ್ಮಾ?’ ಅಂತ ಗಾಬರಿ ಆಗೋರಿದ್ದಾರೆ. ಅದು ಬಡಿತ ಅಲ್ಲವೇ ಅಲ್ಲ. ಚುರುಕಾಗಿ ನಡೆದ ಒಂದೊಂದು ನಿಮಿಷಕ್ಕೂ ಒಂದು ಪಾಯಿಂಟ್, ಓಟದಂಥ ಜೋರಿನ ಕೆಲಸಕ್ಕೆ ನಿಮಿಷಕ್ಕೆ ಎರಡು. ಚುರುಕು ಅಂದ್ರೆ ನಿಮಿಷಕ್ಕೆ ನೂರು ಹೆಜ್ಜೆ ಅಥವಾ ಜಾಸ್ತಿ. ವಾರಕ್ಕೆ 150 ಪಾಯಿಂಟ್ ಗುರಿ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ವಾರಕ್ಕೆ ಕನಿಷ್ಠ 150 ನಿಮಿಷ ಮಧ್ಯಮ ವೇಗದ ವ್ಯಾಯಾಮ ಹೇಳುತ್ತಲ್ಲ, ಅದನ್ನೇ ಪಾಯಿಂಟ್ ಮಾಡಿದ್ದಾರೆ. ಐಡಿಯಾ ಚೆನ್ನಾಗಿದೆ. ಆದರೆ ಹೆಸರು ನೋಡಿದರೆ ಇಷ್ಟೆಲ್ಲ ಹೊಳೆಯಲ್ಲ. ‘ಚುರುಕು ನಡಿಗೆ, ನಿಮಿಷ’ ಅಂತ ಇಟ್ಟಿದ್ದರೆ ನಮ್ಮ ಹೋಟೆಲ್ ಮಾಲೀಕರಿಗೂ ಗೊತ್ತಾಗ್ತಿತ್ತು.

ಹತ್ತು ಸಾವಿರದ ವಿಷಯ ಬಂತಲ್ಲ, ಅದನ್ನೂ ಹೇಳಿಬಿಡ್ತೀನಿ. ತುಂಬಾ ಆ್ಯಪ್‌ಗಳಲ್ಲಿ ಮೊದಲೇ ತುಂಬಿರೋ ಗುರಿ 10,000 ಹೆಜ್ಜೆ. ಇದು ಯಾವ ಡಾಕ್ಟರ್ ಬರೆದದ್ದೂ ಅಲ್ಲ. 1965ರ ಸುಮಾರಿಗೆ ಜಪಾನ್‌ನಲ್ಲಿ ‘ಮಾನ್ಪೊ-ಕೆಯ್’ ಅನ್ನೋ ಹೆಜ್ಜೆ ಎಣಿಸೋ ಯಂತ್ರ ಮಾರಾಟಕ್ಕೆ ಬಂತು, ಆ ಹೆಸರಿನ ಅರ್ಥವೇ ಹತ್ತು ಸಾವಿರ ಹೆಜ್ಜೆ ಮೀಟರ್. ಮಾರೋಕೆ ಇಟ್ಟ ಹೆಸರು ಗುರಿಯಾಗಿ ಉಳಿದುಹೋಯ್ತು. 2019ರಲ್ಲಿ ಅಮೆರಿಕದಲ್ಲಿ ವಯಸ್ಸಾದ ಹೆಂಗಸರ ಮೇಲೆ ನಡೆದ ದೊಡ್ಡ ಅಧ್ಯಯನದಲ್ಲಿ, ದಿನಕ್ಕೆ ಸುಮಾರು 4,400 ಹೆಜ್ಜೆ ನಡೆಯೋರಿಗೂ 2,700 ನಡೆಯೋರಿಗಿಂತ ಸಾವಿನ ಅಪಾಯ ಕಮ್ಮಿ ಇತ್ತು. 7,500 ಹತ್ತಿರ ಬಂದ ಮೇಲೆ ಹೆಚ್ಚಿನ ಲಾಭ ಕಾಣಲಿಲ್ಲ. ಮಂಡಿ ನೋವಿನ ಅಜ್ಜಿಗೆ ದಿನಾ ಸಂಜೆ ‘ಗುರಿ ಮುಟ್ಟಿಲ್ಲ’ ಅಂತ ಕೆಂಪು ಬಣ್ಣ ತೋರಿಸ್ತಾ ಇದ್ದರೆ ಅಜ್ಜಿ ವಾಚ್ ಬಿಚ್ಚಿಡದೆ ಇನ್ನೇನು ಮಾಡ್ತಾರೆ? ಡಾಕ್ಟರ್ ಕೇಳಿ ನಿಮಗೆ ಸರಿಹೊಂದೋ ಅಂಕಿ ಹಾಕ್ಕೊಳ್ಳಿ. ಆ ಬದಲಾಯಿಸೋ ಜಾಗ ಸಾಮಾನ್ಯವಾಗಿ ‘ಪ್ರೊಫೈಲ್’ ಅಥವಾ ‘ಗೋಲ್ಸ್’ ಒಳಗೆ ಇರುತ್ತೆ.

ಕನ್ನಡ ಹಾಕಿದರೆ ಸಾಕಾ?

ಮೆನು ಕನ್ನಡದಲ್ಲಿ ಇದ್ದರೆ ಅರ್ಧ ತಲೆನೋವು ಹೋಗುತ್ತೆ. ಆಂಡ್ರಾಯ್ಡ್ 13 ಬಂದ ಮೇಲೆ ಪೂರ್ತಿ ಫೋನ್ ಇಂಗ್ಲಿಷ್‌ನಲ್ಲೇ ಇಟ್ಟು ಒಂದು ಆ್ಯಪ್ ಮಾತ್ರ ಕನ್ನಡ ಮಾಡಬಹುದು. ಸೆಟ್ಟಿಂಗ್ಸ್, ಸಿಸ್ಟಮ್, ಲ್ಯಾಂಗ್ವೇಜಸ್, ಆ್ಯಪ್ ಲ್ಯಾಂಗ್ವೇಜಸ್ ಅನ್ನೋ ದಾರಿಯಲ್ಲಿ ಹೋಗಿ. ಫೋನ್ ಕಂಪನಿ ಬದಲಾದರೆ ದಾರಿ ಸ್ವಲ್ಪ ಆಚೀಚೆ ಆಗುತ್ತೆ, ಸೆಟ್ಟಿಂಗ್ಸ್‌ನ ಹುಡುಕೋ ಜಾಗದಲ್ಲಿ ‘ಲ್ಯಾಂಗ್ವೇಜ್’ ಅಂತ ಟೈಪ್ ಮಾಡಿದರೂ ಸಿಗುತ್ತೆ. ಆ್ಯಪ್ ಮಾಡಿದೋರು ಕನ್ನಡ ಕೊಟ್ಟಿದ್ದರೆ ಮಾತ್ರ ಪಟ್ಟಿಯಲ್ಲಿ ಕನ್ನಡ ಕಾಣುತ್ತೆ ಅನ್ನೋದು ಬೇರೆ ಮಾತು.

ಕನ್ನಡ ಕೊಟ್ಟ ಕಡೆಯೂ ಎರಡು ಎಡವಟ್ಟು ಇರುತ್ತವೆ. ಒಂದು, ಇಂಗ್ಲಿಷ್‌ನ ನಾಲ್ಕು ಅಕ್ಷರದ ಪದಕ್ಕೆ ಅಳೆದು ಮಾಡಿದ ಬಟನ್‌ನಲ್ಲಿ ಕನ್ನಡ ಪದ ಹಿಡಿಸಲ್ಲ. ಕೊನೆಗೆ ಮೂರು ಚುಕ್ಕಿ ಬಂದು ಪದ ಅರ್ಧಕ್ಕೇ ನಿಲ್ಲುತ್ತೆ, ಒತ್ತಕ್ಷರದ ಕಾಲು ಕತ್ತರಿಸಿ ಹೋಗಿರುತ್ತೆ. ವಯಸ್ಸಾದವರು ಅಕ್ಷರ ದೊಡ್ಡದು ಮಾಡಿಕೊಂಡರಂತೂ ಇನ್ನೂ ಕಷ್ಟ. ಎರಡು, ಪುಸ್ತಕದ ಕನ್ನಡ. ‘ದೈನಂದಿನ ಚಟುವಟಿಕೆ ಸಾರಾಂಶ’ ಅಂತ ಬರೆದರೆ ಅದು ಕನ್ನಡವೇ ಹೌದು, ಆದರೆ ಮೈದಾನದಲ್ಲಿ ಯಾರೂ ಹಾಗೆ ಮಾತಾಡಲ್ಲ. ‘ಇವತ್ತಿನ ನಡಿಗೆ’ ಅಂದ್ರೆ ಮುಗೀತು. ಶುಗರ್, ಬಿಪಿ, ಸ್ಟೆಪ್ಸ್ ಅಂತ ಜನ ಹೇಳೋದನ್ನ ಹಾಗೇ ಕನ್ನಡ ಅಕ್ಷರದಲ್ಲಿ ಬರೆದರೂ ಸಾಕು. ‘ರಕ್ತದೊತ್ತಡ’ಕ್ಕಿಂತ ‘ಬಿಪಿ’ ನಮ್ಮವರಿಗೆ ಬೇಗ ಹೊಳೆಯುತ್ತೆ, ಭಾಷಾ ಪಂಡಿತರು ಕ್ಷಮಿಸಬೇಕು.

ಜಿಮ್ ಇಟ್ಟಿರೋರಿಗೆ ಒಂದು ಮಾತು

ಈಗ ತಾಲ್ಲೂಕು ಮಟ್ಟದ ಜಿಮ್‌ಗಳೂ ತಮ್ಮದೇ ಆ್ಯಪ್ ಮಾಡಿಸೋ ಯೋಚನೆಯಲ್ಲಿವೆ. ಹಾಜರಿ, ಫೀಸ್, ಡಯಟ್ ಚಾರ್ಟ್ ಎಲ್ಲ ಅದರಲ್ಲೇ. ಮಾಡಿಸೋ ಮೊದಲು ಖರ್ಚಿಲ್ಲದ ಒಂದು ಕೆಲಸ ಮಾಡಿ. ಆ್ಯಪ್‌ನಲ್ಲಿ ಏನೇನು ಇರಬೇಕು ಅಂತ ಒಂದೊಂದು ಚೀಟಿಯಲ್ಲಿ ಬರೆದು, ಜಿಮ್‌ಗೆ ಬರೋರ ಕೈಗೆ ಕೊಟ್ಟು ‘ಯಾವ್ಯಾವುದು ಜೊತೆಗಿರಬೇಕೋ ಗುಂಪು ಮಾಡಿ, ಆ ಗುಂಪಿಗೆ ನೀವೇ ಹೆಸರಿಡಿ’ ಅನ್ನಿ. ಅವರು ಇಟ್ಟ ಹೆಸರೇ ನಿಮ್ಮ ಮೆನು. ದೊಡ್ಡ ಕಂಪನಿಗಳೂ ಇದನ್ನೇ ಮಾಡ್ತವೆ, ಕಾರ್ಡ್ ಸಾರ್ಟಿಂಗ್ ಅಂತಾರೆ.

ಆ್ಯಪ್ ತಯಾರಾದ ಮೇಲೆ ಐದು ಜನರ ಕೈಗೆ ಫೋನ್ ಕೊಟ್ಟು ‘ಈ ತಿಂಗಳ ಫೀಸ್ ಕಟ್ಟಿದ್ದೀರಾ ನೋಡಿ’ ಅಂತ ಹೇಳಿ ಸುಮ್ಮನಿರಿ. ಬಾಯಿ ಬಿಡಬಾರದು, ‘ಅಲ್ಲಲ್ಲ, ಮೇಲೆ ಮೇಲೆ’ ಅನ್ನಬಾರದು. ಅವರ ಬೆರಳು ಎಲ್ಲಿ ತಡವರಿಸುತ್ತೋ ಅಲ್ಲಿ ಮೆನು ಕೆಟ್ಟಿದೆ ಅಂತ ಅರ್ಥ. ಐದೇ ಜನರ ಪರೀಕ್ಷೆಯಲ್ಲಿ ಬಹುಪಾಲು ತೊಂದರೆ ಹೊರಗೆ ಬರುತ್ತೆ ಅಂತ ಯಾಕೋಬ್ ನೀಲ್ಸನ್ ಅನ್ನೋ ತಜ್ಞ 2000ದಲ್ಲೇ ಬರೆದಿದ್ದಾರೆ. ಮಾಡಿಕೊಡೋ ಹುಡುಗರು ಇಪ್ಪತ್ತು ಫೀಚರ್ ತೋರಿಸಿ ರೇಟ್ ಹೇಳ್ತಾರೆ. ಹದಿನೈದು ತೆಗೆಸಿ, ಅದಕ್ಕೆ ಬೇಕಾದ್ರೆ ದುಡ್ಡು ಕೊಡಿ.

ಬೇಕಂತಲೇ ಗೋಜಲು ಮಾಡಿದ ಮೆನು

ಹೋಟೆಲ್ ಮಾಲೀಕರ ಭಯಕ್ಕೆ ಬರೋಣ, ಯಾಕಂದ್ರೆ ಅದು ಸುಳ್ಳು ಭಯ ಅಲ್ಲ. ಗೊತ್ತಿಲ್ಲದೆ ಗೋಜಲಾದ ಮೆನು ಒಂದು ಥರ. ಗೊತ್ತಿದ್ದೇ ಗೋಜಲು ಮಾಡಿದ್ದು ಇನ್ನೊಂದು ಥರ. ‘7 ದಿನ ಫ್ರೀ’ ಅನ್ನೋ ಬಟನ್ ಅಂಗೈಯಷ್ಟು ದೊಡ್ಡದು. ಬೇಡ ಅನ್ನೋ ಅಕ್ಷರ ಬೂದು ಬಣ್ಣದಲ್ಲಿ, ಮೂಲೆಯಲ್ಲಿ. ಒಮ್ಮೆ ಸೇರಿದ ಮೇಲೆ ಕ್ಯಾನ್ಸಲ್ ಮಾಡೋ ಜಾಗ ನಾಲ್ಕು ಪುಟದ ಒಳಗೆ.

ಇದನ್ನ ‘ಡಾರ್ಕ್ ಪ್ಯಾಟರ್ನ್’ ಅಂತಾರೆ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ಇಂಥ 13 ಬಗೆಯ ಮೋಸದ ಜೋಡಣೆಗಳನ್ನ ಪಟ್ಟಿ ಮಾಡಿ ಮಾರ್ಗಸೂಚಿ ಹೊರಡಿಸಿದೆ. ಚಂದಾ ಕ್ಯಾನ್ಸಲ್ ಮಾಡೋ ದಾರಿ ಬಚ್ಚಿಡೋದು, ಅದನ್ನ ಸುತ್ತಿಬಳಸಿ ಕಷ್ಟ ಮಾಡೋದು, ಫ್ರೀ ಅಂತ ಹೇಳಿ ಪೇಮೆಂಟ್ ವಿವರ ಕೇಳೋದು ಆ ಪಟ್ಟಿಯಲ್ಲಿ ‘ಚಂದಾ ಬಲೆ’ ಅನ್ನೋ ಅರ್ಥದ ಹೆಸರಲ್ಲಿ ಬರುತ್ತೆ.

ದುಡ್ಡಿನ ಹಾಗೇ ಗುಟ್ಟಿನ ವಿಷಯವೂ ಇದೆ. 2018ರ ಜನವರಿಯಲ್ಲಿ ಸ್ಟ್ರಾವಾ ಅನ್ನೋ ಓಟದ ಆ್ಯಪ್ ಪ್ರಕಟಿಸಿದ್ದ ನಕ್ಷೆಯಲ್ಲಿ ಅಫ್ಘಾನಿಸ್ತಾನ, ಸಿರಿಯಾಗಳಲ್ಲಿದ್ದ ಸೇನಾ ನೆಲೆಗಳ ಗುರುತು ಕಂಡು ದೊಡ್ಡ ಸುದ್ದಿಯಾಯ್ತು. ಸೈನಿಕರು ಬೆಳಿಗ್ಗೆ ಓಡಿದ ದಾರಿಗಳೇ ನಕ್ಷೆಯಲ್ಲಿ ಹೊಳೀತಾ ಇದ್ದವು. ಹಂಚಿಕೊಳ್ಳೋದು ಬೇಡ ಅನ್ನೋ ಆಯ್ಕೆ ಆ್ಯಪ್‌ನಲ್ಲಿ ಇತ್ತು, ಬಹಳ ಜನ ಅಲ್ಲಿ ತನಕ ಹೋಗಿರಲಿಲ್ಲ. ನಮ್ಮೂರ ಹೆಣ್ಣುಮಕ್ಕಳು ದಿನಾ ಒಂದೇ ಹೊತ್ತಿಗೆ ಒಂದೇ ದಾರಿಯಲ್ಲಿ ವಾಕಿಂಗ್ ಹೋಗ್ತಾರೆ. ಆ ನಕ್ಷೆ ಯಾರ ಕಣ್ಣಿಗೆ ಬೀಳ್ತಿದೆ ಅಂತ ‘ಪ್ರೈವಸಿ’ ಒಳಗೆ ಹೋಗಿ ಒಮ್ಮೆ ನೋಡಿ. ‘ಎವ್ರಿವನ್’ ಅಂತ ಇದ್ದರೆ ‘ಓನ್ಲಿ ಮೀ’ ಮಾಡಿ.

ಇವತ್ತೇ ಮಾಡಬಹುದಾದ್ದು

ಕಂಪನಿ ಮೆನು ಸರಿ ಮಾಡೋ ತನಕ ಕಾಯಬೇಕಿಲ್ಲ. ಫೋನಿನ ಮುಖಪುಟದಲ್ಲಿ ಖಾಲಿ ಜಾಗವನ್ನ ಒತ್ತಿ ಹಿಡಿದರೆ ‘ವಿಜೆಟ್ಸ್’ ಅಂತ ಬರುತ್ತೆ. ನಿಮ್ಮ ಆ್ಯಪ್‌ನ ಹೆಜ್ಜೆ ಲೆಕ್ಕದ ವಿಜೆಟ್ ಇದ್ದರೆ ಅಲ್ಲೇ ಇಟ್ಕೊಳ್ಳಿ, ಆ್ಯಪ್ ತೆರೆಯೋ ಕೆಲಸವೇ ಇಲ್ಲ. ಆ್ಯಪ್‌ನ ಮೊದಲ ಪುಟವನ್ನ ಪೂರ್ತಿ ಕೆಳಗೆ ಸರಿಸಿದರೆ ಕೆಲವದರಲ್ಲಿ ‘ಎಡಿಟ್’ ಅಥವಾ ‘ಮ್ಯಾನೇಜ್’ ಅಂತ ಇರುತ್ತೆ. ಅಲ್ಲಿ ನೀರು ಕುಡಿದ ಲೆಕ್ಕ, ಕ್ಯಾಲರಿ, ಚಾಲೆಂಜ್ ಇವನ್ನೆಲ್ಲ ತೆಗೆದು ನಡಿಗೆ, ನಿದ್ದೆ, ತೂಕ ಇಷ್ಟೇ ಉಳಿಸಿ. ಮಕ್ಕಳು ಊರಿಗೆ ಬಂದಾಗ ‘ಎಲ್ಲಾ ಬರುತ್ತೆ’ ಅಂತ ತೋರಿಸೋ ಬದಲು ಈ ಹತ್ತು ನಿಮಿಷದ ಕೆಲಸ ಮಾಡಿಕೊಟ್ಟು ಹೋಗಲಿ.

ಫ್ರೀ ಅಂತ ಒತ್ತಿಬಿಟ್ಟಿದ್ದರೆ ಆ್ಯಪ್ ಡಿಲೀಟ್ ಮಾಡಿದ ಮಾತ್ರಕ್ಕೆ ಚಂದಾ ನಿಲ್ಲಲ್ಲ, ಇದನ್ನ ತುಂಬಾ ಜನ ತಪ್ಪು ತಿಳ್ಕೊಂಡಿದ್ದಾರೆ. ಪ್ಲೇ ಸ್ಟೋರ್ ತೆರೆದು, ಮೇಲೆ ಬಲಗಡೆ ಇರೋ ನಿಮ್ಮ ಫೋಟೋ ಅಥವಾ ಹೆಸರಿನ ಮೊದಲ ಅಕ್ಷರ ಒತ್ತಿ. ‘ಪೇಮೆಂಟ್ಸ್ ಅಂಡ್ ಸಬ್‌ಸ್ಕ್ರಿಪ್ಶನ್ಸ್’, ಅದರೊಳಗೆ ‘ಸಬ್‌ಸ್ಕ್ರಿಪ್ಶನ್ಸ್’. ಅಲ್ಲಿ ಆ್ಯಪ್ ಹೆಸರು ಕಂಡರೆ ಕ್ಯಾನ್ಸಲ್ ಮಾಡಿ. ಪ್ಲೇ ಸ್ಟೋರ್ ಮೂಲಕ ಅಲ್ಲದೆ ನೇರ ಯುಪಿಐನಲ್ಲಿ ಒಪ್ಪಿಗೆ ಕೊಟ್ಟಿದ್ದರೆ ನಿಮ್ಮ ಯುಪಿಐ ಆ್ಯಪ್‌ನಲ್ಲಿ ‘ಆಟೋಪೇ’ ಅಥವಾ ‘ಮ್ಯಾಂಡೇಟ್ಸ್’ ಅಂತ ಹುಡುಕಿ, ಅಲ್ಲಿಂದ ರದ್ದು ಮಾಡಿ. ಹೀಗೆ ತಾನಾಗೇ ಕಟ್ ಆಗೋ ದುಡ್ಡಿಗೆ 24 ಗಂಟೆ ಮೊದಲೇ ಸೂಚನೆ ಬರಬೇಕು ಅಂತ ರಿಸರ್ವ್ ಬ್ಯಾಂಕ್ ನಿಯಮ ಇದೆ, ಆ ಮೆಸೇಜ್‌ಗಳನ್ನ ಓದದೆ ಅಳಿಸಬೇಡಿ.

ಅಷ್ಟಾದ್ರೂ ಕ್ಯಾನ್ಸಲ್ ಮಾಡೋ ದಾರಿ ಸಿಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಕರೆ ಮಾಡೋ ಮೊದಲು ಆ ಪುಟಗಳ ಸ್ಕ್ರೀನ್‌ಶಾಟ್ ಮತ್ತು ದುಡ್ಡು ಕಟ್ ಆದ ಮೆಸೇಜ್ ಇಟ್ಟುಕೊಂಡಿರಿ, ದೂರು ಬರೆಸುವಾಗ ಬೇಕಾಗುತ್ತೆ.